ತೋಡು ಹಾರುವ ಹುಡುಗಿ ಪೋಲ್ ವಾಲ್ಟ್ ಕಲಿಯಬಹುದೇ?

ಪ್ರಶ್ನೆ: ಸರ್, ನಮ್ಮದು ಪೊನ್ನಂಪೇಟೆ ಹತ್ತಿರ ಕಾಫಿ ತೋಟ, ಜೊತೆಗೆ ಸ್ವಲ್ಪ ಗದ್ದೆ. ಮಗಳಿಗೆ 15 ವರ್ಷ, ಒಂಬತ್ತನೇ ಕ್ಲಾಸ್ ಮುಗಿಸಿದ್ದಾಳೆ. ಎತ್ತರ 5 ಅಡಿ 2 ಇಂಚು, ತೂಕ 48 ಕೆ.ಜಿ. ಹಾಕಿ ಆಡುತ್ತಾಳೆ, ಲಾಂಗ್ ಜಂಪ್‌ನಲ್ಲಿ ತಾಲೂಕು ಮಟ್ಟಕ್ಕೆ ಹೋಗಿದ್ದಳು. ಪ್ಯಾರಿಸ್ ಒಲಿಂಪಿಕ್ಸ್‌ನ ಪೋಲ್ ವಾಲ್ಟ್ (ಉದ್ದ ಕೋಲು ಊರಿ, ಮೇಲೆ ಅಡ್ಡಕ್ಕಿಟ್ಟ ಬಾರ್ ದಾಟುವ ಆಟ) ವಿಡಿಯೋ ನೋಡಿದ ಮೇಲೆ ಅದೇ ಧ್ಯಾನ. ಗದ್ದೆಯ ತೋಡನ್ನು (ಸಣ್ಣ ಹಳ್ಳ) ಬಿದಿರು ಗಳ ಊರಿ ಹಾರುತ್ತಾಳೆ. ನನ್ನ ಅಪ್ಪ "ನಾವೂ ಹಾಗೇ ಹಾರ್ತಿದ್ವಿ, ಕಲೀಲಿ ಬಿಡು" ಅಂತಾರೆ. ಹೆಂಡತಿಗೆ ಭಯ. ಬೆನ್ನುಮೂಳೆ ಮುರಿದರೆ ಏನು ಗತಿ, ಮುಂದೆ ಮದುವೆ ಮಕ್ಕಳು ಅಂದಾಗ ತೊಂದರೆ ಆಗಲ್ವಾ ಅಂತ ಕೇಳ್ತಾಳೆ. ಪರಿಚಯದ ಒಬ್ಬರು ಇವಳಿಗೆ ಎತ್ತರ ಸಾಲದು, ತೋಳಲ್ಲಿ ಬಲ ಬೇಕು, ಹತ್ತು ವರ್ಷಕ್ಕೇ ಶುರು ಮಾಡಬೇಕಿತ್ತು ಎಂದರು. ಮನೆಯಲ್ಲೇ ಬೈಹುಲ್ಲು, ಕಾಫಿ ಹೊಟ್ಟಿನ ಮೂಟೆ ಹಾಕಿ, ಮೇಲೆ ಹಳೆ ಹಾಸಿಗೆ ಹರಡಿ ಪಿಟ್ ಮಾಡಿಕೊಡಬಹುದಾ? ಬಿದಿರು ಬೇಡ ಅಂದರೆ ಅಡಿಕೆ ಕೊಯ್ಯುವ ಫೈಬರ್ ದೋಟಿ ಆಗುತ್ತಾ? ಮಳೆಗಾಲಕ್ಕೆ ಮೊದಲೇ ಶುರು ಮಾಡಬೇಕು ಅಂತ ಹಟ ಹಿಡಿದಿದ್ದಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನೂ ಕೊಡಗಿನವನೇ, ಸೋಮವಾರಪೇಟೆ ಕಡೆಯವನು. ಕಾಲೇಜಿನಲ್ಲಿ ಪೋಲ್ ವಾಲ್ಟ್ ಮಾಡಿದೆ. ಆಮೇಲೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ಮಕ್ಕಳಿಗೆ ಜಂಪ್ಸ್ ಕಲಿಸಿದ್ದೇನೆ. ತೋಡು ಹಾರುವ ಹುಡುಗಿ ಎಂದು ಓದಿದಾಗ ಖುಷಿಯಾಯಿತು. ಹೊಟ್ಟಿನ ಮೂಟೆ ಎಂದು ಓದಿದಾಗ ಎದೆ ಧಸಕ್ ಎಂದಿತು. ಎರಡನ್ನೂ ಬಿಡಿಸಿ ಹೇಳುತ್ತೇನೆ.

ಮೊದಲು ನೇರ ಉತ್ತರ. ಕಲಿಯಬಹುದು. ವಯಸ್ಸು ಸರಿಯಾಗಿದೆ, ಲಾಂಗ್ ಜಂಪ್ ಮಾಡಿರುವುದು ದೊಡ್ಡ ಲಾಭ. ಆದರೆ ಸರಿಯಾದ ಮ್ಯಾಟ್ ಇಲ್ಲದ ಕಡೆ ಗಳ ಊರಿ ಹಾರುವಾಗ ಅವಳ ಸೊಂಟ ಅವಳ ತಲೆಗಿಂತ ಮೇಲೆ ಹೋಗಕೂಡದು. ಮನೆಯಲ್ಲಿ ಪಿಟ್ ಮಾಡಬೇಡಿ. ದೋಟಿಯನ್ನಂತೂ ಮುಟ್ಟಿಸಲೇಬೇಡಿ. ಈ ಮಳೆಗಾಲ ಕಳೆಯುವ ತನಕ ಬಾರ್ ಹಾರುವ ಮಾತು ಬೇಡ. ಅಲ್ಲಿಯವರೆಗೆ ಮಾಡಲು ಮನೆಯಲ್ಲೇ ಬೇಕಾದಷ್ಟು ಕೆಲಸವಿದೆ.

ಈಗ ನಿಮ್ಮ ಅಪ್ಪನ ಮಾತಿಗೆ ಬರೋಣ. ಅವರು ಹೇಳಿದ್ದು ಸುಳ್ಳಲ್ಲ. ಈ ಆಟ ಹುಟ್ಟಿದ್ದೇ ಹಾಗೆ, ಕಾಲುವೆ, ಹಳ್ಳ, ಬೇಲಿ ದಾಟಲು ಕೋಲು ಊರಿದ್ದರಿಂದ. ನೆದರ್‌ಲ್ಯಾಂಡ್ಸ್‌ನಲ್ಲಿ ಕೋಲು ಊರಿ ಕಾಲುವೆ ದಾಟುವ ಸ್ಪರ್ಧೆ ಇವತ್ತಿಗೂ ನಡೆಯುತ್ತದೆ. ಬಿದಿರೂ ಸಣ್ಣ ವಸ್ತುವಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ನಿಶಿದಾ ಮತ್ತು ಓಎ ಬೆಳ್ಳಿ, ಕಂಚು ಗೆದ್ದದ್ದು ಬಿದಿರಿನ ಕಾಲದಲ್ಲೇ. ಊರಿಗೆ ಹೋದ ಮೇಲೆ ಅವರಿಬ್ಬರೂ ಪದಕಗಳನ್ನು ಅರ್ಧಕ್ಕೆ ಕತ್ತರಿಸಿ, ಅರ್ಧ ಬೆಳ್ಳಿ ಅರ್ಧ ಕಂಚು ಮಾಡಿ ಜೋಡಿಸಿಕೊಂಡರು. ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ 1942ರಲ್ಲಿ ಬಿದಿರಿನ ಗಳ ಹಿಡಿದೇ 4.77 ಮೀಟರ್ ಹಾರಿದರು. ಆ ದಾಖಲೆ 1957ರವರೆಗೆ ಉಳಿಯಿತು.

ಹಾಗಾದರೆ ನಾನೇಕೆ ಬೇಡ ಅನ್ನುತ್ತಿದ್ದೇನೆ? ಬಿದಿರಿನ ನಾರು ಉದ್ದಕ್ಕೆ ಇರುತ್ತದೆ. ಅದು ಮುರಿದರೆ ಕಡ್ಡಿಯಂತೆ ಪಟ್ ಎಂದು ಎರಡಾಗುವುದಿಲ್ಲ. ಸೀಳುತ್ತದೆ. ಸೀಳಿದ ತುದಿ ಈಟಿಯಂತೆ ನಿಲ್ಲುತ್ತದೆ, ಹಾರುವವಳು ಅದರ ಮೇಲೇ ಬರುತ್ತಾಳೆ. ಕಡಿದ ಕಾಲ, ಒಣಗಿಸಿದ ರೀತಿ, ಗೆಣ್ಣು, ಒಳಗೆ ಹಿಡಿದ ಕುಟ್ಟೆ ಹುಳ, ಇವೆಲ್ಲ ಒಂದೊಂದು ಗಳದಲ್ಲಿ ಒಂದೊಂದು ಥರ. ಹೊರಗೆ ಹೊಳೆಯುವ ಗಳದ ಒಳಗೆ ಪುಡಿ ತುಂಬಿರಬಹುದು. ಏಣಿಗೆ ಆರಿಸುವಾಗ ನೀವು ಕುಟ್ಟಿ ಕುಟ್ಟಿ ನೋಡುತ್ತೀರಿ ಅಲ್ವಾ? ಏಣಿಯಾದರೆ ತೂಕ ಮಾತ್ರ ಹೊರುತ್ತದೆ. ಇಲ್ಲಿ ಓಡಿ ಬಂದ ರಭಸವೂ ಸೇರಿ ಗಳವನ್ನು ಬಗ್ಗಿಸುತ್ತದೆ.

ತೋಡು ಹಾರುವುದನ್ನು ಪೂರ್ತಿ ನಿಲ್ಲಿಸಿ ಎನ್ನಲಾರೆ. ಆ ಆಟದಲ್ಲಿ ಅವಳು ಗಳವನ್ನು ನಂಬುವುದನ್ನು ಕಲಿತಿದ್ದಾಳೆ, ಅದನ್ನು ಹೇಳಿಕೊಡುವುದು ಕಷ್ಟ. ಬೇಸಿಗೆಯಲ್ಲಿ, ತೋಡಿನಲ್ಲಿ ಕಲ್ಲು ಗೂಟ ಇಲ್ಲದ ಕಡೆ, ಎರಡೂ ದಡ ಮೆತ್ತಗಿರುವ ಕಡೆ, ದೊಡ್ಡವರು ಯಾರಾದರೂ ಇದ್ದಾಗ ಮಾತ್ರ ಹಾರಲಿ. ಮೇಲಿನ ಕೈ ಅವಳು ನಿಂತು ಕೈ ಚಾಚಿದ ಎತ್ತರ ಮೀರಬಾರದು. ಮಳೆ ಹಿಡಿದ ಮೇಲೆ ಬೇಡ. ತಳದ ಕೆಸರಲ್ಲಿ ಗಳ ಹೂತುಕೊಂಡರೆ ನಡುವಿನಲ್ಲೇ ನಿಂತುಬಿಡುತ್ತದೆ, ಅವಳು ಬೆನ್ನು ಮುಂದಾಗಿ ವಾಪಸ್ ಬೀಳುತ್ತಾಳೆ.

ದೋಟಿಯ ಪ್ರಶ್ನೆ ನನಗೆ ಹೊಸದು, ಆದರೆ ಕೇಳಿದ್ದು ಒಳ್ಳೆಯದಾಯಿತು. ಇವತ್ತಿನ ವಾಲ್ಟ್ ಪೋಲೂ ಫೈಬರ್, ದೋಟಿಯೂ ಫೈಬರ್, ನೋಡಿದರೆ ಅಣ್ಣ ತಮ್ಮಂದಿರ ಹಾಗೆ. ಕೆಲಸ ಮಾತ್ರ ಬೇರೆ ಬೇರೆ. ದೋಟಿ ಆದಷ್ಟು ಹಗುರವಾಗಿ, ಬಗ್ಗದೆ, ನೇರ ಮೇಲೆ ನಿಲ್ಲಲಿ ಎಂದು ಮಾಡಿದ್ದು. ತುದಿಯಲ್ಲಿ ಬರುವುದು ಒಂದು ಕತ್ತಿ, ಒಂದು ಗೊನೆಯ ಎಳೆತ, ಅಷ್ಟೆ. ಒಂದರೊಳಗೊಂದು ಸರಿಯುವ ತೆಳು ಕೊಳವೆಗಳು, ನಡುನಡುವೆ ಕ್ಲಾಂಪು. 48 ಕೆ.ಜಿ.ಯ ಹುಡುಗಿ ಓಡಿ ಬಂದು ಊರಿದರೆ ಆ ಕೀಲಿನಲ್ಲೇ ಸಿಡಿಯುತ್ತದೆ. ಕಾರ್ಬನ್ ಫೈಬರ್ ಚೂರು ಸೂಜಿಗಿಂತ ಕೆಟ್ಟದ್ದು. ಇನ್ನೊಂದು ಮಾತು. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಹಾದುಹೋಗುವ ಲೈನಿಗೆ ಅಲ್ಯೂಮಿನಿಯಂ ಏಣಿ ತಗುಲಿ ಜೀವ ಹೋದ ಸುದ್ದಿ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಮುಂದೆ ಅವಳಿಗೆ ನಿಜವಾದ ಪೋಲ್ ಸಿಕ್ಕ ಮೇಲೂ ತೋಟದೊಳಗೆ ಅದನ್ನು ನೆಟ್ಟಗೆ ಹಿಡಿದು ನಡೆಯಬಾರದು.

ಪೋಲ್ ಬಗ್ಗಿ ಬಿಲ್ಲಿನ ಹಾಗೆ ಮನುಷ್ಯನನ್ನು ಚಿಮ್ಮಿಸುತ್ತದೆ ಎಂದು ಸುಮಾರು ಜನ ತಿಳಿದಿದ್ದಾರೆ. ಅದು ತನ್ನದೇನನ್ನೂ ಕೊಡುವುದಿಲ್ಲ. ನೀವು ಓಡಿ ತಂದ ಶಕ್ತಿಯನ್ನು ಒಂದು ಕ್ಷಣ ಇಟ್ಟುಕೊಂಡು ಹಿಂದಿರುಗಿಸುತ್ತದೆ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಓಡುವ ದೇಹದ ಶಕ್ತಿಯೆಲ್ಲ ಎತ್ತರವಾದರೆ ಸುಮಾರು 2.5 ಮೀಟರ್ ಮೇಲೇರುತ್ತದೆ. ನಿಂತಾಗಲೇ ದೇಹದ ಭಾರದ ನಡುಬಿಂದು ನೆಲದಿಂದ ಒಂದು ಮೀಟರ್ ಹತ್ತಿರ ಇರುತ್ತದಲ್ಲ, ಅದನ್ನು ಸೇರಿಸಿದರೆ ಮೂರೂವರೆ ಮೀಟರ್. ವೇಗ 9 ಆದರೆ ಅದೇ ಲೆಕ್ಕ ಐದು ಮೀಟರ್ ದಾಟುತ್ತದೆ. ದಾರಿಯಲ್ಲಿ ಸ್ವಲ್ಪ ಸೋರುತ್ತದೆ, ನೆಗೆತ ಮತ್ತು ತೋಳು ಸ್ವಲ್ಪ ಸೇರಿಸುತ್ತವೆ. ಆದರೆ ಮುಖ್ಯ ಬಂಡವಾಳ ಓಟವೇ. ಪ್ಯಾರಿಸ್‌ನಲ್ಲಿ 6.25 ಮೀಟರ್ ಹಾರಿ ವಿಶ್ವದಾಖಲೆ ಮಾಡಿದ ಡುಪ್ಲಾಂಟಿಸ್ ಅವರ ವಿಡಿಯೋ ಮತ್ತೆ ಹಾಕಿ. ಈ ಸಲ ಬಾರ್ ನೋಡಬೇಡಿ, ಓಟ ಮಾತ್ರ ನೋಡಿ. ಕೈಯಲ್ಲಿ ಅಷ್ಟುದ್ದದ ಪೋಲ್ ಹಿಡಿದೂ ನೂರು ಮೀಟರ್ ಓಟಗಾರನ ಹಾಗೆ ಬರುತ್ತಾರೆ.

ತೋಳಿನ ಬಲದ ಮಾತಿಗೆ ಉತ್ತರವೂ ಇದರಲ್ಲೇ ಇದೆ. ತೋಳು ಬೇಕು, ಆದರೆ ಎಳೆದುಕೊಂಡು ಹತ್ತುವುದಕ್ಕಲ್ಲ. ನೇರ ಕೈಯಲ್ಲಿ ನೇತಾಡಿ ದೇಹವನ್ನು ಬೀಸುವುದಕ್ಕೆ. ಹೊಸಬರು ಮಾಡುವ ಮೊದಲ ತಪ್ಪೇ ಕೈ ಮಡಚಿ ಪೋಲನ್ನು ತಬ್ಬಿಕೊಳ್ಳುವುದು.

ಎತ್ತರದ ವಿಚಾರದಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಎತ್ತರ ಇದ್ದವರಿಗೆ ಅನುಕೂಲ ಇದೆ. ಪೋಲನ್ನು ಮೇಲೆ ಹಿಡಿಯಬಹುದು. ಹಾಗೆಂದು ಇಲ್ಲದವರಿಗೆ ಬಾಗಿಲು ಹಾಕಿಲ್ಲ. 2003ರ ವಿಶ್ವ ಚಾಂಪಿಯನ್ ರಷ್ಯಾದ ಸ್ವೆಟ್ಲಾನಾ ಫಿಯೋಫನೋವಾ ಸುಮಾರು 5 ಅಡಿ 4 ಇಂಚಿನವರು. ಅವರು ಜಿಮ್ನಾಸ್ಟಿಕ್ಸ್‌ನಿಂದ ಬಂದವರು. ಇನ್ನು ವಯಸ್ಸು. ಯೆಲೆನಾ ಇಸಿನ್‌ಬಯೇವಾ 15 ವರ್ಷದವರೆಗೆ ಜಿಮ್ನಾಸ್ಟ್. ಅದಕ್ಕೆ ತೀರಾ ಎತ್ತರವಾದರು ಎಂದು ಪೋಲ್ ವಾಲ್ಟ್‌ಗೆ ಬಂದರು. 2004, 2008ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು, 2009ರಲ್ಲಿ 5.06 ಮೀಟರ್ ಹಾರಿದರು. ನಿಮ್ಮ ಮಗಳೂ ಹಾಗೇ ಆಗುತ್ತಾಳೆ ಎಂದು ನಾನು ಹೇಳುತ್ತಿಲ್ಲ. 15 ವರ್ಷಕ್ಕೆ ತಡವಾಯಿತು ಎನ್ನುವ ಮಾತು ತಪ್ಪು ಎನ್ನುತ್ತಿದ್ದೇನೆ. ನಮ್ಮ ದೇಶದ ಅಳತೆ ಬೇಕಿದ್ದರೆ, ಸುರೇಖಾ 2014ರಲ್ಲಿ 4.15 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದರು. 2022ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ರೋಸಿ ಮೀನಾ ಪೌಲ್‌ರಾಜ್ ಅದನ್ನು 4.20ಕ್ಕೆ ಏರಿಸಿದರು. ಹೊಸಬಳಿಗೆ ಮೊದಲ ವರ್ಷ ಎರಡರಿಂದ ಎರಡೂವರೆ ಮೀಟರ್ ಸ್ವಚ್ಛವಾಗಿ ದಾಟಿದರೆ ನಾನು ಬೆನ್ನು ತಟ್ಟುತ್ತೇನೆ.

ನಿಮ್ಮ ಹೆಂಡತಿಯ ಭಯಕ್ಕೆ ಬರುತ್ತೇನೆ. ಅದರಲ್ಲಿ ಅರ್ಧ ಹಳೆಯ ನಂಬಿಕೆ, ಅರ್ಧ ನಿಜ. ಹೆಣ್ಣುಮಕ್ಕಳು ಹಾರಿದರೆ ಗರ್ಭಕೋಶಕ್ಕೆ ಪೆಟ್ಟು, ಮುಂದೆ ಮಕ್ಕಳಾಗುವುದಿಲ್ಲ ಎನ್ನುವುದಕ್ಕೆ ಆಧಾರವಿಲ್ಲ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಪೋಲ್ ವಾಲ್ಟ್ ಬಂದದ್ದು 2000ದಲ್ಲಿ, ಸಿಡ್ನಿಯಲ್ಲಿ. ಅಷ್ಟು ತಡವಾಗಿ ಬಂದದ್ದರಿಂದಲೇ ಇರಬೇಕು, ಇದು ಗಂಡಸರ ಆಟ ಎನ್ನುವ ಮಾತು ಇನ್ನೂ ಹೋಗಿಲ್ಲ. ತಾಯಿ ನಿಜವಾಗಿ ಗಮನಿಸಬೇಕಾದದ್ದು ಬೇರೆ ಇದೆ. ಹಗುರವಾದರೆ ಜಾಸ್ತಿ ಹಾರಬಹುದು ಎಂದು ಯಾರೋ ಹೇಳುತ್ತಾರೆ, ಹುಡುಗಿ ಊಟ ಬಿಡುತ್ತಾಳೆ. ಜಾಸ್ತಿ ಓಟ, ಕಮ್ಮಿ ಊಟ ಆದರೆ ಮುಟ್ಟು ನಿಲ್ಲಬಹುದು, ಮೂಳೆ ಸೊರಗುತ್ತದೆ. ಸತತ ಮೂರು ತಿಂಗಳು ಮುಟ್ಟು ಬರದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. 48 ಕೆ.ಜಿ. ಇರುವ ಹುಡುಗಿ ಒಂದು ಕೆ.ಜಿ.ಯೂ ಇಳಿಸಬೇಕಿಲ್ಲ.

ಬೆನ್ನುಮೂಳೆಯ ಭಯ ಸುಳ್ಳಲ್ಲ. ಆದರೆ ಅದು ಎರಡು ಥರ. ಒಂದು ನಿಧಾನದ್ದು. ಬೆಳೆಯುವ ವಯಸ್ಸಿನಲ್ಲಿ ಸೊಂಟವನ್ನು ಮತ್ತೆ ಮತ್ತೆ ಹಿಂದಕ್ಕೆ ಬಾಗಿಸಿದರೆ ಕೆಳಬೆನ್ನಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬರಬಹುದು. ಬೌಲಿಂಗ್ ಮಾಡುವ ಹುಡುಗರಲ್ಲೂ ಇದು ಇದೆ. ಹಿಂದಕ್ಕೆ ಬಾಗಿದಾಗ ಸೊಂಟದ ಒಂದು ಪಕ್ಕದಲ್ಲಿ ನೋವು, ಎರಡು ವಾರವಾದರೂ ಹೋಗುತ್ತಿಲ್ಲ, ಅದು ಗುರುತು. ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ ದಿನ ತಳ್ಳಬೇಡಿ. ಹಾರುವುದನ್ನು ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು, ಎಂಆರ್‌ಐ ಬೇಕಾಗಬಹುದು. ಬೇಗ ಹಿಡಿದರೆ ವಿಶ್ರಾಂತಿ, ವ್ಯಾಯಾಮದಲ್ಲೇ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ.

ಇನ್ನೊಂದು ಒಂದೇ ಕ್ಷಣದ್ದು. ಬೀಳಬಾರದ ಜಾಗದಲ್ಲಿ ಬೀಳುವುದು. ಈ ಆಟದ ದೊಡ್ಡ ಅಪಘಾತಗಳ ಕಾರಣ ಹೆಚ್ಚುಕಮ್ಮಿ ಯಾವಾಗಲೂ ಇದೇ. ಮ್ಯಾಟಿನ ಅಂಚಿನಾಚೆ, ಮ್ಯಾಟಿಗೂ ಬಾಕ್ಸಿಗೂ (ಪೋಲ್ ತುದಿ ಊರುವ ಗುಂಡಿ) ನಡುವೆ, ಇಲ್ಲವೇ ವಾಪಸ್ ಓಡಿ ಬಂದ ರನ್‌ವೇ ಮೇಲೆ. ಅದಕ್ಕೇ ನಾನು ಪೋಲಿಗಿಂತ ಮೊದಲು ಮ್ಯಾಟ್ ಬಗ್ಗೆ ಮಾತಾಡುತ್ತೇನೆ. ದೊಡ್ಡ ಸ್ಪರ್ಧೆಗಳಲ್ಲಿ ಬಾಕ್ಸಿನ ಹಿಂದೆ ಕನಿಷ್ಠ 6 ಮೀಟರ್ ಉದ್ದ, 6 ಮೀಟರ್ ಅಗಲ, 80 ಸೆಂಟಿಮೀಟರ್ ದಪ್ಪದ ಮ್ಯಾಟ್ ಇರಬೇಕು. ಬಾಕ್ಸಿನ ಎರಡೂ ಪಕ್ಕಕ್ಕೆ ಬರುವ ಮುಂಚಾಚು ಬೇರೆ. ಹೈ ಜಂಪ್ ಮ್ಯಾಟ್ ಇದೆ ಸಾಕಲ್ವಾ ಎಂದು ಶಾಲೆಗಳಲ್ಲಿ ಕೇಳುತ್ತಾರೆ. ಸಾಲದು. ಹೈ ಜಂಪ್‌ನಲ್ಲಿ ಎಲ್ಲಿ ಬೀಳುತ್ತೀರೆಂದು ಗೊತ್ತಿರುತ್ತದೆ. ಇಲ್ಲಿ ಪೋಲ್ ಯಾವ ಕಡೆ ವಾಲಿದರೂ ಕೆಳಗೆ ಮ್ಯಾಟ್ ಇರಬೇಕು.

ಈಗ ನಿಮ್ಮ ಹೊಟ್ಟಿನ ಮೂಟೆಯನ್ನು ಇದರ ಪಕ್ಕ ಇಟ್ಟು ನೋಡಿ. 3 ಮೀಟರ್ ಬಾರ್ ದಾಟಿ 80 ಸೆಂಟಿಮೀಟರ್ ಮ್ಯಾಟ್ ಮೇಲೆ ಬೀಳುವವಳು ತಗುಲುವಾಗ ಗಂಟೆಗೆ 23-24 ಕಿ.ಮೀ. ವೇಗದಲ್ಲಿರುತ್ತಾಳೆ. ಫೋಮ್ ಒಳಗಿನ ಗಾಳಿಯನ್ನು ನಿಧಾನ ಬಿಡುತ್ತಾ ಆ ವೇಗವನ್ನು ಅರ್ಧ ಮೀಟರ್‌ನಷ್ಟು ದೂರದಲ್ಲಿ ತಿಂದುಹಾಕುತ್ತದೆ. ಹೊಟ್ಟು ತುಂಬಿದ ಚೀಲ ಹಾಗಲ್ಲ. ನಾಲ್ಕು ಸಲ ಬಿದ್ದರೆ ಕುಟ್ಟಿಕೊಂಡು ಗಟ್ಟಿಯಾಗುತ್ತದೆ. ಮೂಟೆಗಳು ಸರಿಯುತ್ತವೆ, ನಡುವೆ ಸಂದು ಬೀಳುತ್ತದೆ, ಮೇಲಿನ ಹಾಸಿಗೆ ಆ ಸಂದನ್ನು ಮುಚ್ಚಿ ಕಣ್ಣಿಗೆ ಕಾಣದ ಹಾಗೆ ಮಾಡುತ್ತದೆ. ಒಂದು ಮಳೆ ಬಂದರೆ ಹುಲ್ಲು ಮುಗ್ಗಿ ಕೆಳಗೆ ಹಾವು ಚೇಳು ಸೇರುವುದು ಬೇರೆ.

ಆ ಸಂದಿನ ಮಾತು ಸುಮ್ನೆ ಹೇಳುತ್ತಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಒಂದು ಮೈದಾನದಲ್ಲಿ ಎರಡು ಮ್ಯಾಟ್ ಜೋಡಿಸಿ ನೈಲಾನ್ ಹಗ್ಗದಲ್ಲಿ ಕಟ್ಟಿದ್ದರು. ಮೇಲೆ ನೀಲಿ ಟಾರ್ಪಾಲು. ಬೆಳಗಿನಿಂದ ಹಾರಿ ಹಾರಿ ಹಗ್ಗ ಸಡಿಲವಾಗಿತ್ತು, ನಮಗೆ ಯಾರಿಗೂ ಗೊತ್ತಾಗಲಿಲ್ಲ. ಬಾರ್ ದಾಟಿದೆ, ಬೆನ್ನ ಮೇಲೆ ಬೀಳುವ ಬದಲು ಕಾಲೂರಿ ಇಳಿಯುವ ಕೆಟ್ಟ ಅಭ್ಯಾಸ ನನಗೆ. ಎಡಗಾಲು ಟಾರ್ಪಾಲಿನ ಜೊತೆಗೇ ಎರಡು ಮ್ಯಾಟ್‌ಗಳ ನಡುವೆ ಮೊಣಕಾಲಿನವರೆಗೆ ಇಳಿಯಿತು, ಮೈ ಆಚೆ ಹೋಯಿತು. ಪಾದದ ಕೀಲಿನಲ್ಲಿ ಹಸಿ ಕಡ್ಡಿ ಮುರಿದಂಥ ಸದ್ದು ಕೇಳಿಸಿತು. ನಾಲ್ಕು ತಿಂಗಳು ಕೋಲು ಹಿಡಿದು ನಡೆದೆ. ಅವತ್ತಿನಿಂದ ಯಾವ ಮೈದಾನಕ್ಕೆ ಹೋದರೂ ಮೊದಲು ಮಾಡುವ ಕೆಲಸ ಒಂದೇ. ಮ್ಯಾಟ್ ಜೋಡಿಸಿದ ಕಡೆ ಅಂಗೈ ಇಟ್ಟು ಪೂರ್ತಿ ಭಾರ ಹಾಕಿ ಒತ್ತುತ್ತೇನೆ. ಕೈ ಒಳಗೆ ಹೋದರೆ ಅವತ್ತು ಯಾರೂ ಹಾರುವುದಿಲ್ಲ.

ಇಷ್ಟೆಲ್ಲ ಹೇಳಿ ಹೆದರಿಸಿದೆ ಎಂದುಕೊಳ್ಳಬೇಡಿ. ನಿಮ್ಮ ಮನೆಯಲ್ಲೇ ಮಾಡಬಹುದಾದದ್ದನ್ನು ಹೇಳುತ್ತೇನೆ, ಅವಳ ಹಟಕ್ಕೆ ಒಂದು ದಾರಿ ಬೇಕಲ್ಲ. ಜೂನ್‌ನಿಂದ ಸೆಪ್ಟೆಂಬರ್ ನಮ್ಮಲ್ಲಿ ಹೇಗೂ ಹಾರುವ ಕಾಲವಲ್ಲ. ಒದ್ದೆ ಪೋಲ್ ಕೈಯಲ್ಲಿ ಜಾರುತ್ತದೆ, ಒದ್ದೆ ನೆಲದಲ್ಲಿ ಕಾಲು ಜಾರುತ್ತದೆ. ಈ ನಾಲ್ಕು ತಿಂಗಳು ಮೈ ಕಟ್ಟುವುದಕ್ಕೆ ಇಟ್ಟುಕೊಳ್ಳಿ.

ಒಂದು ದಪ್ಪ ಹಗ್ಗ ತನ್ನಿ, ಹಲಸಿನ ಮರದ ಗಟ್ಟಿ ಕೊಂಬೆಗೆ ಕಟ್ಟಿ. ಸಿಲ್ವರ್ ಓಕ್ ಬೇಡ, ಅದರ ಕೊಂಬೆ ಹೇಳದೆ ಕೇಳದೆ ಮುರಿಯುತ್ತದೆ. ಮಳೆ ಜೋರಾದಾಗ ಕೊಟ್ಟಿಗೆಯ ತೊಲೆಗೆ ಕಟ್ಟಬಹುದು, ತೊಲೆ ಗಟ್ಟಿ ಇದ್ದರೆ. ಬಲಗೈ ಮೇಲೆ, ಎಡಗೈ ಕೆಳಗೆ, ಕೈ ನೇರ. ನಾಲ್ಕು ಹೆಜ್ಜೆ ಬಂದು ಎಡಗಾಲಲ್ಲಿ ನೆಗೆದು ಬಲ ಮೊಣಕಾಲು ಎತ್ತಿ ತೂಗಲಿ. ಎಡಗೈ ಪಳಗಿದವಳಾದರೆ ಎಲ್ಲ ತಿರುಗುಮುರುಗು. ಪೋಲ್ ವಾಲ್ಟ್‌ನ ಪ್ರಾಣ ಈ ತೂಗುವಿಕೆಯಲ್ಲಿದೆ. ಒಂದು ವಾರದಲ್ಲಿ ಅವಳಿಗೇ ಗೊತ್ತಾಗುತ್ತದೆ, ಕೈ ಮಡಚಿದರೆ ತೂಗು ಸಾಯುತ್ತದೆ, ನೇರ ಬಿಟ್ಟರೆ ತಾನಾಗಿ ಬರುತ್ತದೆ.

ಇದರ ಜೊತೆ ಮುಂದಕ್ಕೆ ಲಾಗ, ಗೋಡೆಗೆ ಕಾಲು ಒರಗಿಸಿ ಕೈ ಮೇಲೆ ನಿಲ್ಲುವುದು, ಕಂಬಿಗೆ ನೇತಾಡಿ ಮೊಣಕಾಲನ್ನು ಎದೆಗೆ ತರುವುದು. ವಾರಕ್ಕೆ ಎರಡು ದಿನ 30 ಮೀಟರ್ ಓಟ, ಪೂರ್ತಿ ವೇಗದಲ್ಲಿ, ನಡುವೆ ಚೆನ್ನಾಗಿ ದಣಿವಾರಿಸಿಕೊಂಡು. ಕಾಫಿ ಕಣದ ಸಿಮೆಂಟಿನ ಮೇಲೆ ಓಡಿಸಬೇಡಿ, ಮೊಣಕಾಲ ಕೆಳಗಿನ ಮೂಳೆ ನೋಯುತ್ತದೆ. ಹುಲ್ಲಿನ ಮೈದಾನವೇ ಒಳ್ಳೆಯದು. ಹಾಕಿ ಬಿಡಿಸಬೇಡಿ. ಆ ಕಾಲಿನ ಚುರುಕು ಇಲ್ಲಿಗೂ ಬೇಕು.

ಬಿದಿರಿನ ಆಸೆಗೆ ಇಲ್ಲಿ ಒಂದು ಜಾಗ ಕೊಡೋಣ. ಮೂರು ಮೀಟರ್ ಉದ್ದದ, ಹಗುರವಾದ ಒಣ ಗಳ ಒಂದನ್ನು ಎರಡೂ ತುದಿಗೆ ಟೇಪ್ ಸುತ್ತಿ ಕೊಡಿ. ಅದನ್ನು ಹಿಡಿದು ನಡೆಯಲಿ, ಆಮೇಲೆ ಓಡಲಿ. ಬಲಗೈ ಸೊಂಟದ ಹತ್ತಿರ, ಎಡಗೈ ಎದೆಯ ಮುಂದೆ. ಕೊನೆಯ ಮೂರು ಹೆಜ್ಜೆಯಲ್ಲಿ ಬಲಗೈ ಕಿವಿಯ ಪಕ್ಕದಿಂದ ನೇರ ತಲೆಯ ಮೇಲೆ ಹೋಗಬೇಕು. ಎಡಗಾಲು ಊರುವಾಗ ಮೇಲಿನ ಕೈ ಸರಿಯಾಗಿ ಆ ಪಾದದ ನೆತ್ತಿಗೆ ಇರಬೇಕು. ಕಾಲು ಅದಕ್ಕಿಂತ ಮುಂದೆ ಹೋದರೆ ಪೋಲ್ ಹಿಂದಕ್ಕೆ ಜಗ್ಗುತ್ತದೆ, ಸೊಂಟಕ್ಕೆ ಏಟು ಬೀಳುವುದೂ ಆಗಲೇ. ಈ ಅಭ್ಯಾಸದಲ್ಲಿ ಗಳದ ಮೇಲೆ ಭಾರ ಹಾಕುವುದೇ ಇಲ್ಲ, ಕಾಲು ನೆಲ ಬಿಡುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು.

ಮೊದಲ ಸಲ ಪಿಟ್‌ಗೆ ಕಳಿಸುವ ಮೊದಲು ನಾನು ಮಕ್ಕಳಲ್ಲಿ ನೋಡುವುದು ಇಷ್ಟು. ಕಂಬಿಗೆ ನೇರ ಕೈಯಲ್ಲಿ ಅರ್ಧ ನಿಮಿಷ ನೇತಾಡಬೇಕು, ಗೋಡೆಗೆ ಒರಗಿ ಅರ್ಧ ನಿಮಿಷ ಕೈ ಮೇಲೆ ನಿಲ್ಲಬೇಕು, ಹಗ್ಗವನ್ನು ಮೂರು ಮೀಟರ್ ಹತ್ತಿ ಜಾರದೆ ಇಳಿಯಬೇಕು, ಹಿಂದಕ್ಕೆ ಬಾಗಿದಾಗ ಬೆನ್ನು ನೋಯಬಾರದು. ಇದು ಯಾವ ಪುಸ್ತಕದ ನಿಯಮವೂ ಅಲ್ಲ, ನನ್ನ ಅಳತೆ.

ಮುಂದೆ ಎಲ್ಲಿ ಕಲಿಸುವುದು? ನಿಮ್ಮ ಮುಂದೆ ಮೂರು ದಾರಿ ಇವೆ. ಒಂದು, ಕ್ರೀಡಾ ಹಾಸ್ಟೆಲ್ ಅಥವಾ ಕೂಡಿಗೆಯಂಥ ಕ್ರೀಡಾಶಾಲೆ. ಊಟ, ತರಬೇತಿ, ಓದು ಒಂದೇ ಕಡೆ. ಆದರೆ ಸೇರಿಸುವ ಮೊದಲು ಪೋಲ್ ವಾಲ್ಟ್ ಕಲಿಸುವವರು, ಪಿಟ್ ಎರಡೂ ಈಗ ಇವೆಯೇ ಎಂದು ಕೇಳಿಕೊಳ್ಳಿ. ಇಲ್ಲದಿದ್ದರೆ ಅವಳನ್ನು ಬೇರೆ ಆಟಕ್ಕೆ ಹಾಕುತ್ತಾರೆ, ಅದು ಅವರ ತಪ್ಪೂ ಅಲ್ಲ. ಎರಡು, ವಾರದ ಕೊನೆಗೆ ಮೈಸೂರು, ಮೂಡುಬಿದಿರೆ ಅಥವಾ ಮಂಗಳೂರಿಗೆ ಹೋಗಿ ಬರುವುದು. ಅಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇವೆ, ಅಥ್ಲೆಟಿಕ್ಸ್ ಗೊತ್ತಿರುವ ಕೋಚ್‌ಗಳು ಸಿಗುತ್ತಾರೆ. ಇದರಲ್ಲಿ ನನಗೆ ಕಾಣುವ ಅಪಾಯ ದಣಿವು. ಬೆಳಗಿನ ಬಸ್ಸಿನಲ್ಲಿ ಘಾಟಿ ಇಳಿದು, ತಲೆ ತಿರುಗಿಸಿಕೊಂಡು ಬಂದ ಮಗು ಹತ್ತು ಗಂಟೆಗೆ ಹಾರುವ ಸ್ಥಿತಿಯಲ್ಲಿರುವುದಿಲ್ಲ. ಹಿಂದಿನ ದಿನವೇ ಹೋಗಿ ಉಳಿಯುವಂತಿದ್ದರೆ ಮಾತ್ರ ಆಗಬಹುದು.

ಮೂರನೆಯದು ನನ್ನ ಇಷ್ಟದ್ದು. ಬರುವ ವರ್ಷ ಅವಳಿಗೆ ಎಸ್ಸೆಸ್ಸೆಲ್ಸಿ. ಆ ವರ್ಷ ಊರಿನಲ್ಲೇ ಲಾಂಗ್ ಜಂಪ್, ಹರ್ಡಲ್ಸ್, ಹಗ್ಗ, ಲಾಗ. ದಸರಾ ರಜೆಯಲ್ಲಿ ನಾಲ್ಕು ದಿನ, ಕ್ರಿಸ್‌ಮಸ್ ಹೊತ್ತಿಗೆ ನಾಲ್ಕು ದಿನ ಪಿಟ್ ಇರುವ ಕಡೆ. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್ ಮೇನಲ್ಲಿ ಒಂದು ತಿಂಗಳು ಪೂರ್ತಿ. ಆ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಬಂದರೆ ತಕ್ಷಣ ಪೋಲ್ ಕೆಳಗಿಟ್ಟು ಒಳಗೆ ಬರಬೇಕು, ಬಯಲಲ್ಲಿ ಉದ್ದ ಕೋಲು ಹಿಡಿದು ನಿಲ್ಲುವ ಹೊತ್ತಲ್ಲ ಅದು. ಈ ದಾರಿ ನಿಧಾನ. ಇಷ್ಟು ಕಾದು ಕೊನೆಗೆ ಆಟ ತನಗೆ ಹಿಡಿಸಲಿಲ್ಲ ಎಂದು ಅವಳೇ ಹೇಳಬಹುದು. ಹೇಳಿದರೂ ನಷ್ಟವಿಲ್ಲ, ಓಟ, ನೆಗೆತ ಅವಳಲ್ಲೇ ಉಳಿಯುತ್ತವೆ.

ಪೋಲ್ ಕೊಳ್ಳಲು ಈಗಲೇ ದುಡ್ಡು ಹಾಕಬೇಡಿ. ಒಳ್ಳೆಯ ಪೋಲ್ ತುಂಬ ದುಬಾರಿ, ಮತ್ತು ಈ ವರ್ಷ ಸರಿಹೋದದ್ದು ಮುಂದಿನ ವರ್ಷ ಮೆತ್ತಗಾಗುತ್ತದೆ. ಕಲಿಸುವ ಕಡೆ ಇರುವುದನ್ನೇ ಬಳಸಲಿ. ಪ್ರತಿ ಪೋಲ್ ಮೇಲೆ ಎರಡು ಸಂಖ್ಯೆ ಇರುತ್ತವೆ, ಉದ್ದ ಮತ್ತು ಎಷ್ಟು ತೂಕದವರಿಗೆ ಎಂಬುದು. ತೂಕ ಸಾಮಾನ್ಯವಾಗಿ ಪೌಂಡಿನಲ್ಲಿ. ನಿಮ್ಮ ಮಗಳ 48 ಕೆ.ಜಿ. ಎಂದರೆ ಸುಮಾರು 106 ಪೌಂಡ್. ಅವಳ ಕೈಗೆ 110 ಅಥವಾ ಅದಕ್ಕಿಂತ ಮೇಲಿನ ಗುರುತಿನದೇ ಬರಬೇಕು. ಮೆತ್ತಗಿನ ಪೋಲ್ ಚೆನ್ನಾಗಿ ಬಗ್ಗುತ್ತದೆ, ವಿಡಿಯೋದಲ್ಲಿ ಚೆಂದ ಕಾಣುತ್ತದೆ ಎಂದು ಹುಡುಗರು ಕೆಳಗಿನ ತೂಕದ್ದನ್ನು ಹಿಡಿಯುತ್ತಾರೆ. ಮುರಿಯುವುದು ಅಲ್ಲೇ. ಹೊಸಬರಿಗೆ ಪೋಲ್ ಬಗ್ಗುವ ಅಗತ್ಯವೇ ಇಲ್ಲ. ಮೊದಲ ತಿಂಗಳುಗಳಲ್ಲಿ ನೇರ ಪೋಲಿನಲ್ಲೇ ಕಲಿಯಬೇಕು. ಹಾರುವ ಮೊದಲು ಹಳೆ ಪಂಚೆಯ ತುಂಡಿನಲ್ಲಿ ಪೋಲನ್ನು ಮೇಲಿಂದ ಕೆಳಗೆ ಒರೆಸಲಿ. ಎಲ್ಲಾದರೂ ಗೀರಿದ್ದರೆ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತದೆ. ಸ್ಪೈಕ್ಸ್ ತುಳಿದ ಒಂದು ಸಣ್ಣ ಗೀರು ಸಾಕು, ಮುಂದೆ ಅಲ್ಲೇ ಮುರಿಯುತ್ತದೆ.

ಕಲಿಸುವವರು ಸರಿಯೇ ಎಂದು ತಿಳಿಯಲು ಅವರ ಪದಕ ಕೇಳಬೇಕಿಲ್ಲ. ಮೊದಲ ದಿನ ಏನು ಮಾಡಿಸುತ್ತಾರೆ ನೋಡಿ. ಲಾಂಗ್ ಜಂಪ್ ಮರಳಿನಲ್ಲಿ ಗಿಡ್ಡ ಪೋಲ್ ಕೊಟ್ಟು, ಕೈ ಚಾಚಿದ ಎತ್ತರಕ್ಕೆ ಹಿಡಿಸಿ, ನಾಲ್ಕು ಹೆಜ್ಜೆಯಲ್ಲಿ ತೂಗಿ ಕಾಲ ಮೇಲೆ ಇಳಿಸಿದರೆ ಅವರು ಕೆಲಸ ಬಲ್ಲವರು. ಮರಳಿನಲ್ಲಿ, ಮೊಣಕಾಲೆತ್ತರದಲ್ಲಿ, ಕಾಲ ಮೇಲೆ ಇಳಿಯುವುದು ಸರಿ. ಮ್ಯಾಟಿಗೆ ಹೋದ ಮೇಲೆ ಎತ್ತರದಿಂದ ಬೆನ್ನಗಲ ಮಾಡಿಕೊಂಡು ಬೀಳುವುದನ್ನು ಬೇರೆಯಾಗಿ ಕಲಿಸಬೇಕು, ಕೈಯನ್ನು ಹಿಂದಕ್ಕೆ ಊರದೆ. ಮೊದಲ ದಿನವೇ ಬಾರ್ ಹಾಕಿ, ಉದ್ದ ಓಟ ಕೊಟ್ಟು, ಮೇಲೆ ಹಿಡಿ ಹಿಡಿ ಎಂದರೆ ಮಗಳನ್ನು ಕರೆದುಕೊಂಡು ಬನ್ನಿ. ಹಿಡಿತ ಅವಳ ಓಟಕ್ಕಿಂತ ಮೇಲಾದರೆ ಪೋಲ್ ನೆಟ್ಟಗಾಗುವುದಿಲ್ಲ, ಅವಳು ರನ್‌ವೇ ಕಡೆಗೇ ವಾಪಸ್ ಬೀಳುತ್ತಾಳೆ. ಮ್ಯಾಟಿನ ನಡುವಿಗೆ ಸಲೀಸಾಗಿ ತಲುಪುತ್ತಿದ್ದರೆ ಮಾತ್ರ ಹಿಡಿತ ಒಂದು ಮುಷ್ಟಿ ಮೇಲೆ ಹೋಗಲಿ. ಅವಳು ಓಡಿ ಬಂದು, ಇವತ್ತು ಸರಿಯಿಲ್ಲ ಅನಿಸಿ ನೆಗೆಯದೆ ಮ್ಯಾಟಿಗೆ ಓಡಿಹೋದರೆ ಕೋಚ್ ಬೈಯಬಾರದು. ಅನುಮಾನ ಬಂದಾಗ ನಿಲ್ಲುವುದನ್ನೂ ಅಭ್ಯಾಸ ಮಾಡಿಸಬೇಕು.

ದಸರಾ ರಜೆಗೆ ಮೊದಲ ಸಲ ಹೋಗುವಾಗ ನಿಮ್ಮ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಗ್ಯಾಲರಿಯಲ್ಲಿ ಕೂರಿಸಬೇಡಿ, ಪಿಟ್ ಹತ್ತಿರ ಬರಲಿ. ಕೋಚ್ ಹತ್ತಿರ ಕೇಳಿ ಮ್ಯಾಟ್ ಹತ್ತಲಿ, ಕೂತು ನೋಡಲಿ. ಆಮೇಲೆ ಜೋಡಣೆಯ ಜಾಗ ಎಲ್ಲಿದೆ ಎಂದು ಹುಡುಕಿ, ಅಂಗೈ ಇಟ್ಟು ಅವರೇ ಒತ್ತಿ ನೋಡಲಿ.